ಲೇಕ್ ಟಾಹೋ ಸುತ್ತ ಕಾರಿನಲ್ಲಿ: ಯಾವ ಕಡೆಯಿಂದ ಹೊರಟರೆ ಚೆನ್ನ?

ಪ್ರಶ್ನೆ: ಸೆಪ್ಟೆಂಬರ್‌ನಲ್ಲಿ ನಾನು, ನನ್ನ ಗಂಡ ಇಬ್ಬರೇ ಅಮೆರಿಕದ ಕ್ಯಾಲಿಫೋರ್ನಿಯಾ-ನೆವಾಡಾ ಗಡಿಯಲ್ಲಿರುವ ಲೇಕ್ ಟಾಹೋ ಸರೋವರಕ್ಕೆ ಹೋಗುತ್ತಿದ್ದೇವೆ. ಸೌತ್ ಲೇಕ್ ಟಾಹೋ ಊರಲ್ಲಿ ರೂಮ್ ಬುಕ್ ಆಗಿದೆ. ಸರೋವರವನ್ನು ಪೂರ್ತಿ ಒಂದು ಸುತ್ತು ಹಾಕುವ ಆಸೆ. ಒಂದು ದಿನ ಸಾಕಾ? ಯಾವ ಕಡೆಯಿಂದ ಶುರು ಮಾಡಬೇಕು? ಹೋಗಿ ಬಂದವರು ಹೇಳಿ.

ಉತ್ತರ: ಸಾಕು, ಆದರೆ ಬೆಳಿಗ್ಗೆ ಬೇಗ ಹೊರಡಿ. ಸುತ್ತುವ ರಸ್ತೆ 72 ಮೈಲಿ, ಸುಮಾರು 116 ಕಿಲೋಮೀಟರ್. ದೂರ ಜಾಸ್ತಿ ಏನಿಲ್ಲ, ನಿಲ್ಲಬೇಕಾದ ಜಾಗಗಳೇ ಜಾಸ್ತಿ.

ದಿಕ್ಕಿನ ವಿಷಯದಲ್ಲಿ ನನಗೆ ಸಂಶಯವೇ ಇಲ್ಲ. ಗುಡಿಗೆ ಪ್ರದಕ್ಷಿಣೆ ಹಾಕುವ ಹಾಗೆ ಸರೋವರ ಬಲಕ್ಕೆ ಇರಲಿ. ಅಮೆರಿಕದಲ್ಲಿ ಗಾಡಿ ಓಡುವುದು ರಸ್ತೆಯ ಬಲಬದಿಯಲ್ಲಿ, ಹಾಗಾಗಿ ನೀರಿನ ಪಕ್ಕದ ಲೇನ್ ನಿಮ್ಮದೇ ಆಗುತ್ತದೆ, ದಡದ ಕಡೆ ನಿಲ್ಲಿಸಲು ಎದುರು ಬರುವ ಗಾಡಿಗಳನ್ನು ದಾಟಬೇಕಾಗಿಲ್ಲ. ಬಿಸಿಲೂ ನಿಮ್ಮ ಜೊತೆಗೇ ಬರುತ್ತದೆ. ಪಶ್ಚಿಮ ದಡದ ಹೈವೇ 89 ಹಿಡಿದರೆ ಮೊದಲು ಸಿಗುವುದು ಎಮರಾಲ್ಡ್ ಬೇ. ಅದು ಪೂರ್ವಕ್ಕೆ ತೆರೆದ ಕೊಲ್ಲಿ, ಬೆಳಗಿನ ಬಿಸಿಲಿನಲ್ಲಿ ನೋಡಬೇಕು. ನಡುವೆ ಕಾಣುವ ಪುಟ್ಟ ಫ್ಯಾನೆಟ್ ದ್ವೀಪವೇ ಇಡೀ ಟಾಹೋದಲ್ಲಿರುವ ಒಂದೇ ದ್ವೀಪ. ಕೆಳಗೆ ದಡದಲ್ಲಿ 1929ರಲ್ಲಿ ಕಟ್ಟಿದ ವೈಕಿಂಗ್ಸ್‌ಹೋಮ್ ಎಂಬ ಬಂಗಲೆ ಇದೆ. ಒಂದು ಮೈಲಿ ಇಳಿಯಬೇಕು. ಇಳಿಯುವುದು ಸುಲಭ, ಆದರೆ ಸರೋವರವೇ 6,200 ಅಡಿ ಎತ್ತರದಲ್ಲಿದೆ, ವಾಪಸ್ ಹತ್ತುವಾಗ ಉಸಿರು ಸಿಕ್ಕಿಕೊಳ್ಳುತ್ತದೆ. ನಿಧಾನ ಹತ್ತಿ, ನೀರು ಇಟ್ಟುಕೊಳ್ಳಿ.

ಆಮೇಲೆ ಟಾಹೋ ಸಿಟಿ. ಅಲ್ಲಿನ ಚಿಕ್ಕ ಅಣೆಕಟ್ಟನ್ನು ಸುಮ್ನೆ ದಾಟಿ ಹೋಗಬೇಡಿ. ಇಷ್ಟು ದೊಡ್ಡ ಸರೋವರದಿಂದ ಹೊರಗೆ ಹರಿಯುವುದು ಟ್ರಕೀ ನದಿ ಒಂದೇ, ಅದೂ ಸಮುದ್ರ ಸೇರುವುದಿಲ್ಲ, ನೆವಾಡಾದ ಮರುಭೂಮಿಯಲ್ಲಿರುವ ಪಿರಮಿಡ್ ಲೇಕ್‌ಗೆ ಹೋಗಿ ನಿಲ್ಲುತ್ತದೆ.

ಸಂಜೆಗೆ ಪೂರ್ವ ದಡದಲ್ಲಿರಿ. ಸ್ಯಾಂಡ್ ಹಾರ್ಬರ್‌ನಲ್ಲಿ ದೊಡ್ಡ ದೊಡ್ಡ ಗ್ರಾನೈಟ್ ಬಂಡೆಗಳು, ತಳ ಕಾಣುವಷ್ಟು ತಿಳಿ ನೀರು, ಎದುರಿಗೆ ಬೆಟ್ಟಗಳ ಹಿಂದೆ ಇಳಿಯುವ ಸೂರ್ಯ. ಒಂದೇ ಜಾಗದಲ್ಲಿ ಜಾಸ್ತಿ ಹೊತ್ತು ಕೂರುವುದಾದರೆ ಇಲ್ಲೇ ಕೂತುಕೊಳ್ಳಿ. ಪಾರ್ಕಿಂಗ್ ಬೇಗ ತುಂಬುತ್ತದೆ, ಮುಂಗಡ ಬುಕಿಂಗ್ ಬೇಕಾ ಅಂತ ಪಾರ್ಕ್‌ನವರ ವೆಬ್‌ಸೈಟ್ ನೋಡಿಕೊಂಡು ಹೊರಡಿ.

ಇನ್ನೊಬ್ಬರು: ಮೇಲಿನವರು ಹೇಳಿದ ದಿಕ್ಕೇ ಸರಿ. ಆದರೆ ಎಮರಾಲ್ಡ್ ಬೇ ಹತ್ತಿರ ರಸ್ತೆ ಕಿರಿದು, ಒಂದು ಕಡೆಯಂತೂ ಎರಡೂ ಬದಿಗೆ ಇಳಿಜಾರು, ತಡೆಗೋಡೆಯೂ ಇಲ್ಲ. ಎತ್ತರ ಅಂದರೆ ಭಯ ಇರುವವರು ಅಲ್ಲಿ ಸ್ಟೀರಿಂಗ್ ಹಿಡಿಯುವುದು ಬೇಡ. ಓಡಿಸುವವರಿಗೆ ರಸ್ತೆ ಬಿಟ್ಟು ಬೇರೇನೂ ಕಾಣುವುದಿಲ್ಲ, ಎಲ್ಲಾ ನೋಟ ಪಕ್ಕದ ಸೀಟಿನವರಿಗೇ. ಅದಕ್ಕೇ ನಾನು, ನನ್ನ ಹೆಂಡತಿ ಟಾಹೋ ಸಿಟಿಯಲ್ಲಿ ಸೀಟು ಬದಲಾಯಿಸಿಕೊಂಡೆವು. ಬಾಡಿಗೆ ಕಾರಾದರೆ ಇಬ್ಬರ ಹೆಸರೂ ಡ್ರೈವರ್ ಅಂತ ಮೊದಲೇ ಬರೆಸಿಬಿಡಿ.

ಮತ್ತೊಬ್ಬರು: ಸೆಪ್ಟೆಂಬರ್ ಒಳ್ಳೆಯ ಆಯ್ಕೆ. ಚಳಿಗಾಲದಲ್ಲಿ ಹಿಮ ಕುಸಿಯುವ ಭಯಕ್ಕೆ ಎಮರಾಲ್ಡ್ ಬೇ ರಸ್ತೆಯನ್ನೇ ಮುಚ್ಚುತ್ತಾರೆ, ಆಗ ಪೂರ್ತಿ ಸುತ್ತು ಆಗುವುದಿಲ್ಲ. ನೀರು ಮಾತ್ರ ಯಾವಾಗಲೂ ತಣ್ಣಗೆ. ಈಜುವ ಆಸೆ ಇದ್ದರೆ ದಡದ ಹತ್ತಿರವೇ ಇರಿ, 501 ಮೀಟರ್ ಆಳದ ಸರೋವರ ಅದು. ಮತ್ತೆ ಅಲ್ಲಿ ಕರಡಿಗಳಿವೆ. ರಾತ್ರಿ ಕಾರಿನಲ್ಲಿ ತಿಂಡಿ ಪೊಟ್ಟಣ ಬಿಡಬೇಡಿ, ಖಾಲಿ ಕವರ್ ಕೂಡ ಬೇಡ, ವಾಸನೆ ಹಿಡಿದು ಬಾಗಿಲು ಮುರಿಯುತ್ತವೆ.