ಸಹಾಯ ಬೇಕು: ಮಕ್ಕಳೊಂದಿಗೆ ಫ್ರೆಂಚ್ ಮಾತನಾಡುವವರು ಇದ್ದೀರಾ?

ಎಲ್ಲರಿಗೂ ನಮಸ್ಕಾರ. ಚಿಕ್ಕಮಗಳೂರಿನ ಶಾಲೆಯೊಂದರಲ್ಲಿ ಎಂಟು, ಒಂಬತ್ತನೆಯ ತರಗತಿಗಳಿಗೆ ಫ್ರೆಂಚ್ ಕಲಿಸುತ್ತೇನೆ. ಮಕ್ಕಳು ಚೆನ್ನಾಗಿ ಓದಿ ಬರೆಯುತ್ತಾರೆ, ಕ್ರಿಯಾಪದಗಳ ರೂಪಗಳನ್ನು ತಡವರಿಸದೆ ಒಪ್ಪಿಸುತ್ತಾರೆ. ಆದರೆ ಧ್ವನಿಮುದ್ರಿಕೆ ಹಾಕಿದೊಡನೆ ಮುಖ ಬಾಡುತ್ತದೆ. ಫ್ರೆಂಚಿನಲ್ಲಿ ಪದದ ಕೊನೆಯ ಅಕ್ಷರ ಎಷ್ಟೋ ಕಡೆ ಕೇಳಿಸುವುದೇ ಇಲ್ಲ. ಮುಂದಿನ ಪದ ಸ್ವರದಿಂದ ಶುರುವಾದರೆ ಅದೇ ಅಕ್ಷರ ಎದ್ದು ಬಂದು ಅದಕ್ಕೆ ಅಂಟಿಕೊಳ್ಳುತ್ತದೆ. ‘ಲೇ’ (les), ‘ಆಮಿ’ (amis, ಗೆಳೆಯರು) ಸೇರಿ ‘ಲೇಝಾಮಿ’ ಆದಾಗ, ಬರೆದಂತೆ ಓದಿ ಬೆಳೆದ ನಮ್ಮ ಮಕ್ಕಳು ಕಂಗಾಲಾಗುತ್ತಾರೆ.

ಕೆಲವರಿಗೆ ಫ್ರೆಂಚ್ ಭಾಷೆಯ ಆರಂಭಿಕ ಹಂತದ ಡೆಲ್ಫ್ ಎ1 ಪರೀಕ್ಷೆ ಬರೆಯುವ ಆಸೆ. ಅದರಲ್ಲಿ ಆಲಿಸುವುದಕ್ಕೂ ಮಾತಿಗೂ ತಲಾ 25 ಅಂಕ. ಒಟ್ಟು 100ಕ್ಕೆ 50 ಬಂದರೂ ಯಾವುದೇ ವಿಭಾಗದಲ್ಲಿ 5ಕ್ಕಿಂತ ಕಡಿಮೆಯಾದರೆ ತೇರ್ಗಡೆಯಿಲ್ಲ. ಟಿವಿ5 ಮೋಂದ್ ಜಾಲತಾಣದ ಉಚಿತ ಪಾಠಗಳನ್ನು ಬಳಸುತ್ತಿದ್ದೇವೆ. ಆದರೂ ಎದುರು ಕುಳಿತು ಮಾತನಾಡುವವರು ಬೇಕೇ ಬೇಕು. ಫ್ರೆಂಚ್ ಕಲಿಸುವ ಸಂಸ್ಥೆಯಾದ ಬೆಂಗಳೂರಿನ ಅಲಿಯಾನ್ಸ್ ಫ್ರಾಂಸೇಸ್‌ಗೆ ಮಕ್ಕಳನ್ನು ಪದೇ ಪದೇ ಕರೆದೊಯ್ಯಲು ಆಗುವುದಿಲ್ಲ.

ಹಾಸನ, ಚಿಕ್ಕಮಗಳೂರು ಕಡೆಯಲ್ಲಿ ಫ್ರೆಂಚ್ ಬಲ್ಲವರು ಶನಿವಾರ ಒಂದು ಗಂಟೆ ಬಿಡುವು ಮಾಡಿಕೊಳ್ಳುವಿರಾ? ವಿಡಿಯೊ ಕರೆಯಾದರೂ ಸರಿ. ವ್ಯಾಕರಣ ನಾನು ನೋಡಿಕೊಳ್ಳುತ್ತೇನೆ. ನೀವು ಊರು, ಮನೆ, ತಿಂಡಿಯ ಬಗ್ಗೆ ನಿಧಾನವಾಗಿ ಕೇಳಿ, ಉತ್ತರಕ್ಕೆ ತಾಳ್ಮೆಯಿಂದ ಕಾದರೆ ಸಾಕು. ಪ್ರಯಾಣದ ಖರ್ಚು ನನ್ನದು. ದಯವಿಟ್ಟು ಇಲ್ಲಿಯೇ ತಿಳಿಸಿ.