ಹಂಪಿ ಉತ್ಸವದ ಹಣದಲ್ಲಿ ಊರಿನ ಶಾಮಿಯಾನದವರಿಗೂ ಪಾಲು ಸಿಗುತ್ತಾ?

ಪ್ರಶ್ನೆ: ಹೊಸಪೇಟೆಯಲ್ಲಿ ನಮ್ಮದು ಶಾಮಿಯಾನ, ಸೌಂಡ್ ಸಿಸ್ಟಮ್ ಅಂಗಡಿ. ದೊಡ್ಡ ಕಾರ್ಯಕ್ರಮದ ಟೆಂಡರ್ ಪೂರ್ತಿ ಹೊರಗಿನ ಕಂಪನಿಗೆ ಹೋಗುತ್ತೆ, ನಾವು ಅವರ ಕೈಕೆಳಗೆ ರಾತ್ರಿಯಿಡೀ ಕಂಬ ನೆಟ್ಟು, ಆಮೇಲೆ ದುಡ್ಡಿಗೆ ತಿಂಗಳುಗಟ್ಟಲೆ ಅಲೆಯುತ್ತೇವೆ. ಪ್ರವಾಸೋದ್ಯಮ ಇಲಾಖೆಯಿಂದ ನೇರವಾಗಿ ನೆರವು ಕೇಳಬಹುದಾ?

ಉತ್ತರ 1: ಮೊದಲು ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರದ ನೋಂದಣಿ) ಮಾಡಿಸಿ, ಉಚಿತ. ಹಾಗೇ ರಾಜ್ಯದ ಇ-ಟೆಂಡರ್ ಪೋರ್ಟಲ್‌ನಲ್ಲೂ ಹೆಸರು ಹಾಕಿ.

ಉತ್ತರ 2: ರಾಜ್ಯದ 2024-29ರ ಪ್ರವಾಸೋದ್ಯಮ ನೀತಿ ಓದಿ ಸಾರ್, ಪ್ರವಾಸೋದ್ಯಮ ಯೋಜನೆಗಳಿಗೆ ಸಬ್ಸಿಡಿ ಇದೆ. ಆದ್ರೆ ನನ್ನ ಮಟ್ಟಿಗೆ ನೀವು ಕೇಳಬೇಕಾದ್ದು ಅದಲ್ಲ. ವೇದಿಕೆ, ಲೈಟು, ಊಟ ಎಲ್ಲವನ್ನೂ ಒಂದೇ ಗಂಟು ಕಟ್ಟದೆ ಬೇರೆ ಬೇರೆ ಟೆಂಡರ್ ಕರೆಯಿರಿ ಅಂತ ಕೇಳಿ. ಅಂಗಡಿಯವರೆಲ್ಲ ಸಹಿ ಹಾಕಿ ಜಿಲ್ಲಾಧಿಕಾರಿಗೆ ಕೊಡಿ, ಉತ್ಸವ ಹತ್ತಿರ ಬಂದಾಗ ಅಲ್ಲ, ಈಗಲೇ.

ಕೇಳಿದವರು: ಸರಿ, ಜನರೇಟರ್‌ನವರನ್ನೂ ಸೇರಿಸಿಕೊಂಡು ನಾಳೆಯೇ ಕೂರುತ್ತೇವೆ.