ಸಹಾಯ ಬೇಕು: ಕಲ್ಯಾಣಿಯ ತಳದ ಸಾಲಲ್ಲಿ ಗಾರೆ ಗಟ್ಟಿಯಾಗ್ತಿಲ್ಲ

ಊರಿನ ಹಳೇ ಕಲ್ಯಾಣಿಯ ಹೂಳು ತೆಗೆದಾಯ್ತು. ಕಲ್ಲಿನ ಸಂದಿಗೆ ಯಾರೋ ಮೆತ್ತಿದ್ದ ಸಿಮೆಂಟನ್ನು ಉಳಿಯಲ್ಲಿ ಕೆತ್ತಿ, ಎರಡು ಇಂಚು ಆಳಕ್ಕೆ ಗಾರೆ ತುಂಬಿದ್ದೇವೆ. ಅಳತೆ: 15 ದಿನ ನೆನೆಸಿದ ಸುಣ್ಣ 1, ತೊಳೆದ ಮರಳು 2, ಸುರ್ಕಿ (ಇಟ್ಟಿಗೆ ಪುಡಿ) 1. ಕಲಸಿದ್ದು ಬೆಲ್ಲ, ಅಳಲೆಕಾಯಿ ನೀರಲ್ಲಿ. 10 ದಿನ ಒದ್ದೆ ಗೋಣಿ ಹೊದಿಸಿದ್ವಿ.

ಮೇಲಿನ ಮೆಟ್ಟಿಲಲ್ಲಿ ಚೆನ್ನಾಗಿ ಕಚ್ಚಿದೆ. ಒರತೆ ಜಿನುಗುವ ತಳದ ಮೂರು ಸಾಲಲ್ಲಿ ಮಾತ್ರ ತಿಂಗಳಾದ್ರೂ ಉಗುರಿಗೆ ಪುಡಿಯಾಗಿ ಬರ್ತಿದೆ. ಗಾಳಿ ಸೋಕದೆ ಬರೀ ಸುಣ್ಣ ಗಟ್ಟಿಯಾಗಲ್ಲ, ಅದಕ್ಕೇ ಸುರ್ಕಿ ಹಾಕಿದ್ದು. ಆದರೆ ಅದು ಅತಿಯಾಗಿ ಬೆಂದ ಇಟ್ಟಿಗೆಯದ್ದು, ಪುಡಿಯೂ ತರಿತರಿ. ಅನುಮಾನ ಅಲ್ಲೇ. (ಸಿಮೆಂಟ್ ಸೇರಿಸಿ ಅನ್ನೋ ಸಲಹೆ ದಯವಿಟ್ಟು ಬೇಡ.)

ಹದವಾಗಿ ಬೆಂದ ಇಟ್ಟಿಗೆಯ ನುಣ್ಣನೆ ಸುರ್ಕಿ ಹಾಕಿದ್ರೆ ಸಾಕಾ, ಇಲ್ಲ ಆ ಮೂರು ಸಾಲಿಗೆ ಹೈಡ್ರಾಲಿಕ್ ಸುಣ್ಣವೇ (ನೀರಲ್ಲೂ ಗಟ್ಟಿಯಾಗೋ ಸುಣ್ಣ) ಬೇಕಾ? ಪಂಪ್ ಇಟ್ಟು ಎಷ್ಟು ದಿನ ನೀರು ತಗ್ಗಿಸಬೇಕು?